ಕಾಲು ಮುರಿದ ಬಾರ್ಬರೋ, ಅವನನ್ನು ಹಚ್ಚಿಕೊಂಡ ಜನ: ರೇಸ್ ಕುದುರೆಗಳ ಬಗ್ಗೆ ಮಾತಾಡೋಣ ಬನ್ನಿ

ಗಿರಿ_ಗ್ಯಾಲಪ್

ರೇಸ್ ಅಂದರೆ ನಮ್ಮಲ್ಲಿ ಮೊದಲು ಬರುವ ಮಾತು 'ಯಾವ ಕುದುರೆಗೆ ಹಾಕಿದೆ, ಎಷ್ಟು ಹೋಯಿತು' ಅನ್ನೋದು. ಆ ಕುದುರೆಗೇ ಏನಾದರೂ ಆದರೆ? ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಬಾಜಿ ಟಿಪ್ಸ್ ಕೇಳುವವರು ದಯವಿಟ್ಟು ಬೇರೆ ಕಡೆ ಹೋಗಿ.

ಅಮೆರಿಕದ ಬಾರ್ಬರೋ ಹೆಸರು ಕೇಳಿದ್ದೀರಾ? 2006ರ ಮೇ 6ರಂದು ಕೆಂಟಕಿ ಡರ್ಬಿಯನ್ನು ಆರೂವರೆ ಲೆಂತ್ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ) ಅಂತರದಲ್ಲಿ ಗೆದ್ದ ಕುದುರೆ. ಅಲ್ಲಿಯವರೆಗೆ ಓಡಿದ್ದು ಆರು ರೇಸು, ಆರರಲ್ಲೂ ಗೆಲುವು. ಟ್ರೇನರ್ ಮೈಕಲ್ ಮ್ಯಾಟ್ಜ್ ಒಲಿಂಪಿಕ್ ಪದಕ ಗೆದ್ದ ಸವಾರ. ಕುದುರೆಯನ್ನು ಅವಸರ ಮಾಡಿ ಓಡಿಸುವ ಮನುಷ್ಯ ಅಲ್ಲ. ಡರ್ಬಿಗೆ ಮುಂಚೆ ಐದು ವಾರ ರೇಸೇ ಓಡಿಸಲಿಲ್ಲ. 'ಇಷ್ಟು ಬಿಡುವು ಕೊಟ್ಟರೆ ಗೆಲ್ಲುತ್ತದಾ' ಅಂತ ಪತ್ರಿಕೆಯವರು ಕೆಣಕಿದ್ದರು.

ಎರಡೇ ವಾರಕ್ಕೆ, ಮೇ 20ಕ್ಕೆ, ಬಾಲ್ಟಿಮೋರ್‌ನ ಪಿಮ್ಲಿಕೋದಲ್ಲಿ ಪ್ರೀಕ್‌ನೆಸ್ ರೇಸು. ಬಾರ್ಬರೋ ಗೇಟು ತೆರೆಯುವ ಮುಂಚೆಯೇ ನುಗ್ಗಿ ಹೊರಗೆ ಬಂದುಬಿಟ್ಟ. ಡಾಕ್ಟರು ನೋಡಿ ಸರಿ ಇದ್ದಾನೆ ಅಂದ ಮೇಲೆ ಮತ್ತೆ ಒಳಗೆ ನಿಲ್ಲಿಸಿದರು. ಈ ಸಲ ಸರಿಯಾಗಿ ಹೊರಟ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಲ ಹಿಂಗಾಲು ನೆಲಕ್ಕೆ ಊರಲಾಗದೆ ಅತ್ತಿತ್ತ ತೂಗಾಡತೊಡಗಿತು. ಜಾಕಿ ಎಡ್ಗರ್ ಪ್ರಾಡೋ ಲಗಾಮು ಎಳೆದು ನಿಲ್ಲಿಸಿ ಕೆಳಗೆ ಹಾರಿದ. ಲಕ್ಷಕ್ಕೂ ಹೆಚ್ಚು ಜನರ ಕಣ್ಣೆದುರು, ಸ್ಟ್ಯಾಂಡಿನ ಮುಂದೆಯೇ ಇದೆಲ್ಲ ಆಯಿತು.

ಅಲ್ಲಿಂದ ಎಂಟು ತಿಂಗಳು ದೇಶಕ್ಕೆ ದೇಶವೇ ಒಂದು ಕುದುರೆಯ ಕಾಲಿನ ಸುದ್ದಿ ಕೇಳುತ್ತಾ ಕೂತಿತ್ತು. ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಕುದುರೆ ಎಷ್ಟೋ ಅಷ್ಟೇ ಆ ಜನ. ಅವರು ಅತ್ತು ಸುಮ್ಮನಾಗಲಿಲ್ಲ. ಗೊತ್ತಿರುವವರು ಬರೆಯಿರಿ.

ಡಾಕ್ಟ್ರಮ್ಮ_ಹೆಬ್ಬಾಳ

ಗಿರಿ ಅವರೇ, ನಾನು ಪಶುವೈದ್ಯೆ. ಹೆಬ್ಬಾಳದಲ್ಲಿ ಓದಿದವಳು, ಈಗ ದನ ಎಮ್ಮೆಗಳೇ ಜಾಸ್ತಿ. ಕುದುರೆ ಕೇಸು ಅಪರೂಪ. ಆದರೂ ಬಾರ್ಬರೋ ಕೇಸನ್ನು ನಮ್ಮ ಓರಗೆಯವರು ಯಾರೂ ಮರೆತಿಲ್ಲ.

'ಕಾಲು ಮುರಿದರೆ ಕುದುರೆಯನ್ನು ಯಾಕೆ ಸಾಯಿಸುತ್ತಾರೆ, ಬ್ಯಾಂಡೇಜ್ ಹಾಕಿದರೆ ಆಗಲ್ವಾ' ಅಂತ ಎಲ್ಲರೂ ಕೇಳುತ್ತಾರೆ. ಕುದುರೆಯ ತೂಕ ನಾನೂರೈವತ್ತು, ಐನೂರು ಕಿಲೋ. ಮೊಣಕಾಲಿನ ಕೆಳಗೆ ಮಾಂಸಖಂಡವೇ ಇಲ್ಲ. ಬರೀ ಮೂಳೆ, ನರ, ಮೇಲೆ ತೆಳು ಚರ್ಮ. ರಕ್ತ ಓಡಾಡುವುದೂ ಕಮ್ಮಿ. ಮುರಿದ ಮೂಳೆ ಚರ್ಮ ಸೀಳಿ ಹೊರಗೆ ಬಂದರೆ ಸೋಂಕು ತಪ್ಪಿದ್ದಲ್ಲ. ಮನುಷ್ಯನಿಗಾದರೆ 'ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬೇಡ' ಅನ್ನಬಹುದು. ಕುದುರೆಯನ್ನು ಮಲಗಿಸಿ ಇಡಲು ಆಗಲ್ಲ. ತುಂಬ ಹೊತ್ತು ಮಲಗಿದರೆ ತನ್ನ ತೂಕಕ್ಕೇ ಅದರ ಶ್ವಾಸಕೋಶ, ಸ್ನಾಯು ಎಲ್ಲ ಕೆಡುತ್ತವೆ.

ಬಾರ್ಬರೋನ ಕಾಲು ಇಪ್ಪತ್ತಕ್ಕೂ ಹೆಚ್ಚು ಚೂರಾಗಿತ್ತು. ಗೊರಸಿನ ಮೇಲಿನ ಕೀಲೂ ಜಾರಿತ್ತು. ಪುಣ್ಯಕ್ಕೆ ಚರ್ಮ ಒಡೆದಿರಲಿಲ್ಲ. ಅದೇ ಅವನನ್ನು ಅವತ್ತು ಉಳಿಸಿದ್ದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಆಸ್ಪತ್ರೆಯಲ್ಲಿ ಡಾ. ಡೀನ್ ರಿಚರ್ಡ್ಸನ್ ಮರುದಿನವೇ ಆಪರೇಷನ್ ಮಾಡಿದರು. ಒಂದು ಲೋಹದ ಪ್ಲೇಟು, 27 ಸ್ಕ್ರೂ.

ಆಪರೇಷನ್ನಿಗಿಂತ ನನಗೆ ಇಷ್ಟವಾಗಿದ್ದು ಆಮೇಲಿನ ಕೆಲಸ. ಅರಿವಳಿಕೆ ಇಳಿಯುವಾಗ ಕುದುರೆ ಹೆದರಿ ನಾಲ್ಕೂ ಕಾಲು ಒದರುತ್ತದೆ. 1975ರಲ್ಲಿ ರಫಿಯನ್ ಅನ್ನೋ ಹೆಣ್ಣು ಕುದುರೆಗೆ ಆಗಿದ್ದು ಅದೇ. ಆಪರೇಷನ್ ಮುಗಿದು ಎಚ್ಚರವಾಗುವಾಗ ಒದ್ದಾಡಿ, ಕಟ್ಟಿದ್ದನ್ನೆಲ್ಲ ಒಡೆದುಕೊಂಡಳು. ಕೊನೆಗೆ ಇಂಜೆಕ್ಷನ್ ಕೊಟ್ಟು ಸಾಯಿಸಬೇಕಾಯಿತು. ಅದಕ್ಕೇ ನ್ಯೂ ಬೋಲ್ಟನ್‌ನಲ್ಲಿ ಒಂದು ಬೆಚ್ಚಗಿನ ನೀರಿನ ಕೊಳ ಇದೆ. ಪ್ರಜ್ಞೆ ಇಲ್ಲದ ಕುದುರೆಯನ್ನು ಪಟ್ಟಿ ಹಾಕಿ ಎತ್ತಿ, ನಾಲ್ಕು ಕಾಲೂ ಇಳಿಬಿಡಲು ಜಾಗ ಇರುವ ರಬ್ಬರ್ ದೋಣಿಗೆ ಇಳಿಸುತ್ತಾರೆ. ಎಚ್ಚರವಾಗಿ ಎಷ್ಟು ಒದ್ದರೂ ಕಾಲಿಗೆ ಸಿಗುವುದು ನೀರು ಮಾತ್ರ. ಬಾರ್ಬರೋ ಎದ್ದಿದ್ದು ಹಾಗೆ.

ಸುಮ್ನೆ_ಕೇಳ್ದೆ

ಡಾಕ್ಟ್ರೇ, ಆಪರೇಷನ್ ಸರಿ ಹೋಯಿತು ಅಂದ ಮೇಲೆ ಸತ್ತಿದ್ದು ಹೇಗೆ? ಮುರಿದ ಕಾಲು ಕೂಡಿರಲಿಲ್ವಾ?

ಡಾಕ್ಟ್ರಮ್ಮ_ಹೆಬ್ಬಾಳ

ಮುರಿದ ಕಾಲು ಸುಮಾರಾಗಿ ಕೂಡಿಕೊಳ್ಳುತ್ತಿತ್ತು. ಕೆಟ್ಟಿದ್ದು ಅವನ ಒಳ್ಳೆಯ ಕಾಲು!

ಒಂದು ಕಾಲು ನೋಯುವಾಗ ಕುದುರೆ ತೂಕವನ್ನೆಲ್ಲ ಎದುರಿನ ಕಾಲಿಗೆ ಹಾಕುತ್ತದೆ. ಗೊರಸಿನ ಗೋಡೆ ಮತ್ತು ಒಳಗಿನ ಮೂಳೆಯ ನಡುವೆ ತೆಳು ಪದರಗಳಿರುತ್ತವೆ, ಎರಡು ಪುಸ್ತಕದ ಹಾಳೆಗಳನ್ನು ಒಂದರೊಳಗೊಂದು ಸೇರಿಸಿ ಹಿಡಿದ ಹಾಗೆ. ಅಷ್ಟು ತೂಕವನ್ನೂ ನೆಲಕ್ಕೆ ದಾಟಿಸುವುದು ಆ ಹಿಡಿತವೇ. ಒಂದೇ ಕಾಲಿನ ಮೇಲೆ ವಾರಗಟ್ಟಲೆ ನಿಂತರೆ ಪದರಗಳಿಗೆ ರಕ್ತ ಸಿಗದೆ ಸಾಯುತ್ತವೆ. ಮೂಳೆ ಗೊರಸಿನಿಂದ ಬಿಟ್ಟುಕೊಂಡು ಕೆಳಗೆ ಇಳಿಯುತ್ತದೆ. ಇದೇ ಲ್ಯಾಮಿನೈಟಿಸ್. ತುಂಬ ನೋವು.

ಜುಲೈನಲ್ಲಿ ಬಾರ್ಬರೋನ ಎಡ ಹಿಂಗಾಲಿಗೆ ಇದು ಬಂತು. ಗೊರಸಿನ ಗೋಡೆಯ ಶೇ. 80ರಷ್ಟನ್ನು ಕತ್ತರಿಸಿ ತೆಗೆದರು. ಹೊಸ ಗೊರಸು ಬೆಳೆಯಬೇಕಾದರೆ ತಿಂಗಳುಗಟ್ಟಲೆ ಬೇಕು. ನವೆಂಬರ್ ಹೊತ್ತಿಗೆ ಬಲಗಾಲಿನ ಕಟ್ಟು ಬಿಚ್ಚಿದರು, ಹೊರಗೆ ಕರೆದುಕೊಂಡು ಹೋಗಿ ಹುಲ್ಲು ಮೇಯಿಸುತ್ತಿದ್ದರು. ಜನವರಿಯಲ್ಲಿ ಮತ್ತೆ ಕೆಟ್ಟಿತು. ಕೊನೆಗೆ ಎರಡೂ ಮುಂಗಾಲಿಗೂ ಲ್ಯಾಮಿನೈಟಿಸ್ ಬಂತು. ನಿಲ್ಲಲು ಒಂದು ಒಳ್ಳೆಯ ಕಾಲೂ ಉಳಿಯಲಿಲ್ಲ. 2007ರ ಜನವರಿ 29ರಂದು ಚುಚ್ಚುಮದ್ದು ಕೊಟ್ಟರು. ಅವನಿಗೆ ಆಗ ನಾಲ್ಕು ವರ್ಷವೂ ತುಂಬಿರಲಿಲ್ಲ.

ಸುಮ್ನೆ_ಕೇಳ್ದೆ

ಬೇಜಾರು ಮಾಡ್ಕೋಬೇಡಿ, ಒಂದು ಮಾತು. ಎಂಟು ತಿಂಗಳು ಆ ಪ್ರಾಣಿಗೆ ಕಷ್ಟ ಕೊಟ್ಟಿದ್ದು ಪ್ರೀತಿಗಾ, ದುಡ್ಡಿಗಾ? ಡರ್ಬಿ ಗೆದ್ದ ಕುದುರೆ ಬದುಕಿದರೆ ಬೀಜದ ಕುದುರೆಯಾಗಿ ಕೋಟಿಗಟ್ಟಲೆ ತರುತ್ತದೆ ಅಲ್ವಾ?

ಬಾಜಿ_ಬಸಣ್ಣ

ಒಳ್ಳೆ ಪ್ರಶ್ನೆ. ಆದರೆ ಒಂದು ವಿಷಯ ತಿಳಿದಿರಲಿ. ಥರೋಬ್ರೆಡ್ ಅನ್ನುವ ಈ ರೇಸ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವೇ ಇಲ್ಲ. ಗಂಡು ಕುದುರೆ ತಾನೇ ಹೆಣ್ಣನ್ನು ಹತ್ತಬೇಕು, ಇಲ್ಲದಿದ್ದರೆ ಮರಿಗೆ ರಿಜಿಸ್ಟ್ರೇಷನ್ ಸಿಗಲ್ಲ. ಹತ್ತುವಾಗ ಭಾರವೆಲ್ಲ ಬೀಳುವುದು ಹಿಂಗಾಲಿನ ಮೇಲೆ. ಬಾರ್ಬರೋ ಕೆಡಿಸಿಕೊಂಡಿದ್ದೂ ಹಿಂಗಾಲನ್ನೇ. ಜುಲೈನಲ್ಲಿ ಎರಡನೇ ಹಿಂಗಾಲೂ ಹೋದ ಮೇಲೆ ಲೆಕ್ಕ ಹಾಕುವ ಮಾಲೀಕ ಆಗಿದ್ದರೆ ಅವತ್ತೇ ಕೈ ತೊಳೆದುಕೊಳ್ಳುತ್ತಿದ್ದ. ರಾಯ್ ಮತ್ತು ಗ್ರೆಚನ್ ಜಾಕ್ಸನ್ ದಂಪತಿ ಆಮೇಲೂ ಆರು ತಿಂಗಳು ನೋಡಿದರು. ನಾನು ದುಡ್ಡು ಕಟ್ಟುವವನೇ, ಸಾಧು ಅಲ್ಲ. ಆದರೂ ಇದನ್ನು ಬರೀ ದುಡ್ಡು ಅನ್ನಲು ಮನಸ್ಸು ಬರಲ್ಲ.

ಫಿಲಡೆಲ್ಫಿಯಾ_ಪುಟ್ಟಿ

ಆಗ ನಾನು ಇಲ್ಲಿ ಫಿಲಡೆಲ್ಫಿಯಾಕ್ಕೆ ಹೊಸದಾಗಿ ಬಂದಿದ್ದೆ. ನ್ಯೂ ಬೋಲ್ಟನ್ ಇರುವುದು ಕೆನೆಟ್ ಸ್ಕ್ವೇರ್ ಅನ್ನುವ ಊರಿನಲ್ಲಿ. ಆ ಊರು ಹೆಸರುವಾಸಿ ಆಗಿರುವುದು ಅಣಬೆಗೆ. ಕಾರಿನ ಗಾಜು ಇಳಿಸಿದರೆ ಗೊಬ್ಬರದ ವಾಸನೆ ಮೂಗಿಗೆ ಹೊಡೆಯುತ್ತದೆ.

ಆಸ್ಪತ್ರೆಯ ಬೇಲಿ ತುಂಬ ಬೆಡ್‌ಶೀಟಿನಲ್ಲಿ ಬರೆದ ಬ್ಯಾನರು, ಶಾಲೆ ಮಕ್ಕಳ ಚಿತ್ರ. ಸೇಬು, ಕ್ಯಾರೆಟ್ಟಿನ ಬುಟ್ಟಿಗಳು ಬರುತ್ತಲೇ ಇದ್ದವು. ಅಷ್ಟೂ ಅವನೊಬ್ಬನೇ ತಿನ್ನೋಕೆ ಆಗುತ್ತಿರಲಿಲ್ಲ ಬಿಡಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಆಂಟಿ ಜೀವನದಲ್ಲಿ ಒಂದು ರೇಸೂ ನೋಡಿದವರಲ್ಲ, ದಿನಾ ಬೆಳಿಗ್ಗೆ ಕಂಪ್ಯೂಟರ್ ಹಾಕಿದ ತಕ್ಷಣ ಮೊದಲು ಓದುತ್ತಿದ್ದದ್ದು ಬಾರ್ಬರೋ ರಾತ್ರಿ ಹೇಗೆ ಮಲಗಿದ ಅನ್ನೋದನ್ನ. ಅಲೆಕ್ಸ್ ಬ್ರೌನ್ ಅನ್ನುವವರು ಒಂದು ವೆಬ್‌ಸೈಟಿನಲ್ಲಿ ದಿನಕ್ಕೆ ಹಲವು ಸಲ ಸುದ್ದಿ ಹಾಕುತ್ತಿದ್ದರು. ಅವರೇ ಬೆಳಗಿನ ತಾಲೀಮಿಗೆ ಕುದುರೆ ಓಡಿಸುವ ಸವಾರರು. ಅಲ್ಲಿ ಸೇರಿದ ಜನ ತಮ್ಮನ್ನು 'ಫ್ಯಾನ್ಸ್ ಆಫ್ ಬಾರ್ಬರೋ' ಅಂತ ಕರೆದುಕೊಂಡರು. ನರ್ಸು, ಟೀಚರು, ಲಾರಿ ಡ್ರೈವರು, ರಿಟೈರ್ ಆದವರು.

ಗಿರಿ_ಗ್ಯಾಲಪ್

ಪುಟ್ಟಿ ಅಕ್ಕ, ನಾನು ಹೇಳಬೇಕು ಅಂದುಕೊಂಡಿದ್ದು ಇವರ ಬಗ್ಗೆಯೇ. ಬಾರ್ಬರೋ ಸತ್ತ ಮೇಲೆ ಈ ಗುಂಪು ಕರಗಿ ಹೋಗಬೇಕಿತ್ತು. ಹೋಗಲಿಲ್ಲ. ಬದುಕಿರುವ ಕುದುರೆಗಳ ಕಡೆ ತಿರುಗಿತು.

ಫರ್ಡಿನೆಂಡ್ ಅಂತ ಒಂದು ಕುದುರೆ ಇತ್ತು, 1986ರ ಡರ್ಬಿ ಗೆದ್ದದ್ದು. ಜಪಾನಿಗೆ ಬೀಜಕ್ಕೆ ಅಂತ ಮಾರಿದರು. ಅಲ್ಲಿ ಬೇಡಿಕೆ ಕಮ್ಮಿ ಆದ ಮೇಲೆ ಕಸಾಯಿಖಾನೆಗೆ ಹೋಯಿತು ಅನ್ನುವ ಸುದ್ದಿ 2003ರಲ್ಲಿ ಹೊರಗೆ ಬಂತು. ಡರ್ಬಿ ಗೆದ್ದವನ ಗತಿಯೇ ಇದು ಅಂದರೆ, ಹೆಸರಿಲ್ಲದ ಸಾವಿರಾರು ಕುದುರೆಗಳದ್ದು? ಅಮೆರಿಕದ ಒಳಗೇ ಕುದುರೆ ಕಡಿಯುವ ಮೂರು ಕಾರ್ಖಾನೆಗಳಿದ್ದವು, ಟೆಕ್ಸಸ್‌ನಲ್ಲಿ ಎರಡು, ಇಲಿನಾಯ್‌ನಲ್ಲಿ ಒಂದು. 2007ರಲ್ಲಿ ಮೂರೂ ಮುಚ್ಚಿದವು. ಮುಚ್ಚಿದ್ದು ಆ ರಾಜ್ಯಗಳ ಕಾನೂನಿನಿಂದ, ಈ ಗುಂಪಿನಿಂದ ಅಲ್ಲ. ಆದರೆ ಸಂಸದರಿಗೆ ಫೋನ್ ಮಾಡಿ ಮಾಡಿ ಪೀಡಿಸಿದವರಲ್ಲಿ ಇವರೂ ಇದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಲಾರಿಗಳು ಕೆನಡಾ, ಮೆಕ್ಸಿಕೋ ಕಡೆ ತಿರುಗಿದವು. ಅದು ಬೇರೆ ಕಥೆ.

ಫಿಲಡೆಲ್ಫಿಯಾ_ಪುಟ್ಟಿ

ಆ ಲಾರಿಗಳಿಗೆ ಕುದುರೆ ಸಿಗುವುದು ಸಂತೆಯಲ್ಲಿ. ನಮ್ಮ ಕಡೆ ನ್ಯೂ ಹಾಲೆಂಡ್ ಅನ್ನುವ ಊರಲ್ಲಿ ಸೋಮವಾರ ಕುದುರೆ ಸಂತೆ. ಗಾಡಿ ಎಳೆಯುವ ಕುದುರೆ, ಕುದುರೆಮರಿ, ರೇಸಿನಿಂದ ಹೊರಬಿದ್ದ ಕುದುರೆ ಎಲ್ಲ ಒಟ್ಟಿಗೆ. ರೇಸಿನದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತೆ ಗೊತ್ತಾ? ಮೇಲ್ತುಟಿ ಮಡಚಿ ನೋಡಬೇಕು. ತುಟಿಯ ಒಳಗಡೆ ಹಚ್ಚೆ ಇರುತ್ತೆ. ಮೊದಲ ಅಕ್ಷರ ಹುಟ್ಟಿದ ವರ್ಷ. 2003ರಲ್ಲಿ ಹುಟ್ಟಿದ್ದಕ್ಕೆ 'ಜಿ', ಬಾರ್ಬರೋನ ವರ್ಷದ ಮರಿಗಳದ್ದು. ಈಚೆಗೆ ಹಚ್ಚೆ ಬದಲು ಮೈಕ್ರೋಚಿಪ್ ಬಂದಿದೆ.

ಗುಂಪಿನವರು ಮಾಡುತ್ತಿದ್ದದ್ದು ಇಷ್ಟು. ಸಂತೆಗೆ ಹೋದ ಒಬ್ಬರು ತುಟಿ ಮಡಚಿ ಅಕ್ಷರ, ನಂಬರು ಓದುತ್ತಾರೆ. ಹಚ್ಚೆ ಮಾಸಿರುತ್ತೆ, ಕುದುರೆ ತಲೆ ಕೊಡವುತ್ತೆ, ಬೆರಳೆಲ್ಲ ಜೊಲ್ಲು. ನಂಬರು ಗುಂಪಿಗೆ ಹೋಗುತ್ತೆ. ಮನೆಯಲ್ಲಿ ಕೂತವರು ಹೆಸರು, ಹಳೆ ಮಾಲೀಕರು ಯಾರು ಅಂತ ಹುಡುಕುತ್ತಾರೆ. ಇನ್ನೊಬ್ಬರು ಹತ್ತು, ಇಪ್ಪತ್ತು ಡಾಲರ್ ಹಾಗೆ ಕೂಡಿಸುತ್ತಾರೆ. ಮತ್ತೊಬ್ಬರ ಹತ್ತಿರ ಕುದುರೆ ಸಾಗಿಸುವ ಟ್ರೇಲರ್ ಇರುತ್ತೆ. ಹೀಗೇ ಸಾವಿರಾರು ಕುದುರೆ ಉಳಿದವು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಮೂಕಪ್ರಾಣಿ_ಮಾಲಾ

ಎಲ್ಲ ಓದಿದೆ. ಕ್ಷಮಿಸಿ, ನನಗೆ ಇದು ಅರ್ಥ ಆಗಲ್ಲ. ಮೊದಲು ಓಡಿಸಿ ಕಾಲು ಮುರಿಯುವುದು, ಆಮೇಲೆ ಕ್ಯಾರೆಟ್ ತಂದು ಕೊಡುವುದು. ಅದನ್ನು ಪ್ರೀತಿ ಅನ್ನುವುದು. 2008ರಲ್ಲಿ ಏಟ್ ಬೆಲ್ಸ್ ಅನ್ನೋ ಹೆಣ್ಣು ಕುದುರೆ ಡರ್ಬಿಯಲ್ಲಿ ಎರಡನೆಯದಾಗಿ ಬಂದು, ಗೆರೆ ದಾಟಿದ ಮೇಲೆ ಎರಡೂ ಮುಂಗಾಲು ಮುರಿದು ಬಿತ್ತು. ಟ್ರ್ಯಾಕಿನ ಮೇಲೇ ಸಾಯಿಸಿದರು. ರೇಸೇ ನಿಲ್ಲಿಸಿದರೆ ಯಾವ ಆಸ್ಪತ್ರೆ, ಯಾವ ಸಂತೆಯೂ ಬೇಕಾಗಲ್ಲ.

ಬಾಜಿ_ಬಸಣ್ಣ

ಮೇಡಂ, ನಿಲ್ಲಿಸಿದರೆ ಈಗ ಇರುವ ಕುದುರೆಗಳೆಲ್ಲ ಎಲ್ಲಿಗೆ ಹೋಗುತ್ತವೆ? ಇವುಗಳನ್ನು ನಂಬಿಕೊಂಡಿರುವ ಸೈಸುಗಳು (ಲಾಯದಲ್ಲಿ ಕುದುರೆ ನೋಡಿಕೊಳ್ಳುವವರು), ಲಾಳ ಕಟ್ಟುವವರು? ನಾಳೆ ಬೆಳಿಗ್ಗೆ ಅಷ್ಟೂ ಕುದುರೆಯನ್ನು ಯಾರು ಸಾಕುತ್ತಾರೆ?

ಮೂಕಪ್ರಾಣಿ_ಮಾಲಾ

ಕುದುರೆಯ ಹೊಟ್ಟೆಪಾಡನ್ನು ಮುಂದಿಟ್ಟುಕೊಂಡು ಬಾಜಿ ಉಳಿಸಬೇಡಿ ಬಸಣ್ಣ. ಹೊಸದಾಗಿ ಹುಟ್ಟಿಸುವುದನ್ನಾದರೂ ಕಮ್ಮಿ ಮಾಡಬಹುದಲ್ವಾ?

ಲಾಯದ_ಮಗ

ನಮ್ಮಪ್ಪ ಬೆಂಗಳೂರಿನಲ್ಲಿ ಸೈಸ್ ಆಗಿದ್ದರು. ನಾನು ಲಾಯದಲ್ಲೇ ಬೆಳೆದವನು. ಹಾಗಾಗಿ ಮಾಲಾ ಅಕ್ಕನ ಮಾತೂ ಗೊತ್ತು, ಬಸಣ್ಣನ ಮಾತೂ ಗೊತ್ತು.

ಅಪ್ಪ ನಾಲ್ಕು ಗಂಟೆಗೇ ಎದ್ದು ಹೋಗೋರು. ನೀರು, ಮೇವು ಎಲ್ಲಕ್ಕಿಂತ ಮುಂಚೆ ಕೂತು ಕುದುರೆಯ ನಾಲ್ಕು ಕಾಲಿನ ಮೇಲೂ ಅಂಗೈ ಹಿಂಬದಿ ಇಟ್ಟು ಮೇಲಿಂದ ಕೆಳಕ್ಕೆ ಇಳಿಸೋರು. ಅಂಗೈ ದಪ್ಪ ಆಗಿರುತ್ತೆ, ಬಿಸಿ ಗೊತ್ತಾಗಲ್ಲ ಅನ್ನೋರು. ಒಂದು ಕಾಲು ಇನ್ನೊಂದಕ್ಕಿಂತ ಸ್ವಲ್ಪ ಬಿಸಿ ಇದ್ದರೂ ಅವತ್ತು ಕೆಲಸ ಬೇಡ. ಪೈಪು ಹಿಡಿದು ತಣ್ಣೀರು ಬಿಡೋದು, ಮಣ್ಣಿನ ಪಟ್ಟು ಹಾಕಿ ಕಟ್ಟೋದು. ಕುಂಟೋದಕ್ಕೆ ಮುಂಚೆಯೇ ಕಾಲು ಹೇಳುತ್ತೆ, ಕೇಳೋರು ಬೇಕು ಅಷ್ಟೇ.

ಒಂದು ಸಲ 'ಮುಂದಿನ ಬಲಗಾಲು ಬಿಸಿ ಇದೆ ಸಾರ್' ಅಂತ ಹೇಳಿದರು. ಮಾಲೀಕರ ಕಡೆಯವರು 'ನೀನೇನು ಡಾಕ್ಟ್ರಾ' ಅಂದರು. ಓಡಿಸಿದರು. ಆ ಕುದುರೆ ಲಾಯಕ್ಕೆ ವಾಪಸ್ ಬರಲಿಲ್ಲ. ಯಾರು, ಯಾವಾಗ ಅಂತ ಹೇಳಲ್ಲ. ಅಪ್ಪ ಎರಡು ದಿನ ಊಟ ಮಾಡಲಿಲ್ಲ, ಮೂರನೇ ದಿನ ಬೇರೆ ಕುದುರೆಯ ಕಾಲು ಮುಟ್ಟಿ ನೋಡಲು ಹೋದರು. ಸೈಸ್ ಮಾತಿಗೆ ಬೆಲೆ ಇಲ್ಲದಿರುವುದು ದೊಡ್ಡ ತಪ್ಪು ಅಂತ ಇವತ್ತಿಗೂ ನನಗೆ ಅನ್ನಿಸುತ್ತೆ.

ಡಾಕ್ಟ್ರಮ್ಮ_ಹೆಬ್ಬಾಳ

ಲಾಯದ ಮಗನೇ, ನಿಮ್ಮಪ್ಪ ಕೈಯಲ್ಲಿ ಕಂಡುಹಿಡಿಯುತ್ತಿದ್ದದ್ದನ್ನೇ ಸಂಶೋಧನೆಯೂ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ರೇಸ್‌ಕೋರ್ಸಿನಲ್ಲಿ ಸತ್ತ ಪ್ರತಿ ಕುದುರೆಯ ಮರಣೋತ್ತರ ಪರೀಕ್ಷೆ ಮಾಡುತ್ತಾರೆ. ಕಾಲು ಮುರಿದು ಸತ್ತವುಗಳಲ್ಲಿ ಬಹುಪಾಲಿಗೆ ಅದೇ ಜಾಗದಲ್ಲಿ ಮೊದಲೇ ಸಣ್ಣ ಬಿರುಕು ಇತ್ತು. ಅಂದರೆ ಎಲ್ಲವೂ 'ದುರದೃಷ್ಟ' ಅಲ್ಲ.

ಮೂಳೆ ಓಡಾಟಕ್ಕೆ ತಕ್ಕಂತೆ ಗಟ್ಟಿಯಾಗುತ್ತದೆ. ಸವೆದದ್ದನ್ನು ದೇಹ ಕಿತ್ತು ತೆಗೆದು ಹೊಸದು ತುಂಬುತ್ತದೆ. ಕಿತ್ತದ್ದಕ್ಕೂ ತುಂಬುವುದಕ್ಕೂ ನಡುವೆ ಕೆಲವು ವಾರ ಆ ಜಾಗ ಟೊಳ್ಳು. ಆ ಹೊತ್ತಿಗೆ ನೋವಿನ ಔಷಧಿ ಕೊಟ್ಟು, ಇಲ್ಲವೇ ಕೀಲಿಗೆ ಸ್ಟೆರಾಯ್ಡ್ ಚುಚ್ಚಿ ಜೋರಾಗಿ ಓಡಿಸಿದರೆ ಮುರಿಯುತ್ತದೆ. ಕುದುರೆಗೆ ನೋವು ಗೊತ್ತಾಗದೇ ಇರುವುದೇ ಅಪಾಯ. ಮರಿಗಳನ್ನು ಓಡಿಸಲೇಬಾರದು ಅನ್ನೋದೂ ಪೂರ್ತಿ ಸರಿಯಲ್ಲ. ಎಳೆ ವಯಸ್ಸಲ್ಲಿ ಹದವಾಗಿ ಓಡಿದರೆ ಮೂಳೆ ಗಟ್ಟಿಯಾಗುತ್ತೆ. ಹದ ತಪ್ಪುವುದರಲ್ಲೇ ತೊಂದರೆ ಇರುವುದು.

ಗಿರಿ_ಗ್ಯಾಲಪ್

ಇಲ್ಲಿಗೇ ಬರಬೇಕಿತ್ತು ನಾನು. ಏಟ್ ಬೆಲ್ಸ್ ಸತ್ತ ಮೇಲೆ ಜನ ಸುಮ್ಮನಿರಲಿಲ್ಲ. ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ಮಾಡಿತು. ಎಷ್ಟು ಕುದುರೆ ಸಾಯುತ್ತವೆ ಅಂತ ಅಲ್ಲಿಯವರೆಗೆ ದೇಶಕ್ಕೆಲ್ಲ ಒಂದು ಲೆಕ್ಕವೇ ಇರಲಿಲ್ಲ! ಆಮೇಲೆ ಗಾಯಗಳ ದಾಖಲೆ ಇಡಲು ಶುರು ಮಾಡಿದರು. ಕುದುರೆಗಳು ಒಟ್ಟು ಸಾವಿರ ಸಲ ಓಡಿದರೆ 2009ರಲ್ಲಿ 2.00 ಸಾವು. 2023ಕ್ಕೆ 1.32. ಪ್ರತಿ ವರ್ಷ ಕೃತಕ ನೆಲದ (ಮರಳಿಗೆ ಮೇಣ, ರಬ್ಬರು ಬೆರೆಸಿ ಮಾಡಿದ) ಟ್ರ್ಯಾಕಿನಲ್ಲಿ ಸಾವು ಕಮ್ಮಿ, ಮಣ್ಣಿನ ಟ್ರ್ಯಾಕಿನಲ್ಲಿ ಜಾಸ್ತಿ.

ಇಷ್ಟು ಗೊತ್ತಿದ್ದೂ ಏನು ಮಾಡಿದರು ನೋಡಿ. ಕ್ಯಾಲಿಫೋರ್ನಿಯಾ 2006ರಲ್ಲೇ ದೊಡ್ಡ ಟ್ರ್ಯಾಕುಗಳೆಲ್ಲ ಕೃತಕ ನೆಲಕ್ಕೆ ಬದಲಾಗಬೇಕು ಅಂತ ಆದೇಶ ಮಾಡಿತ್ತು. ಅಲ್ಲಿನ ಸ್ಯಾಂಟ ಅನಿಟಾ ರೇಸ್‌ಕೋರ್ಸಿನಲ್ಲಿ ಹಾಕಿದ ನೆಲದಲ್ಲಿ ಮಳೆ ನೀರು ಇಂಗಲಿಲ್ಲ, ಟ್ರೇನರುಗಳು ಗೊಣಗಿದರು, 2010ರಲ್ಲಿ ಮತ್ತೆ ಮಣ್ಣು ಹಾಕಿದರು. ಅದೇ ಸ್ಯಾಂಟ ಅನಿಟಾದಲ್ಲಿ 2018ರ ಡಿಸೆಂಬರ್‌ನಿಂದ 2019ರ ಜೂನ್ ಒಳಗೆ ಮೂವತ್ತು ಕುದುರೆ ಸತ್ತವು. ಗೇಟಿನ ಮುಂದೆ ಜನ ಫಲಕ ಹಿಡಿದು ನಿಂತರು. ಮಾರ್ಚಿನಲ್ಲಿ ಟ್ರ್ಯಾಕು ಮುಚ್ಚಿ ಪರೀಕ್ಷೆ ಮಾಡಬೇಕಾಯಿತು. ಅದಾದ ಮೇಲೆ ಕುದುರೆ ನಿಂತಿರುವಾಗಲೇ ಕಾಲಿನ ಪೆಟ್ (PET) ಸ್ಕ್ಯಾನ್, ಅಂದರೆ ಮೂಳೆಯೊಳಗಿನ ಬದಲಾವಣೆ ತೋರಿಸುವ ಸ್ಕ್ಯಾನ್, ಮಾಡುವ ಯಂತ್ರ ಬಂತು. 2020ರಲ್ಲಿ ದೇಶಕ್ಕೆಲ್ಲ ಒಂದೇ ಕಾನೂನು ಆಯಿತು, 2022ರ ಜುಲೈನಿಂದ ಜಾರಿ. ರೇಸಿಗೆ 14 ದಿನ ಮುಂಚಿನಿಂದ ಕೀಲಿಗೆ ಸ್ಟೆರಾಯ್ಡ್ ಚುಚ್ಚುವಂತಿಲ್ಲ. ಒಂದು ರೇಸಿನಲ್ಲಿ ಛಡಿ ಏಟು ಆರಕ್ಕಿಂತ ಹೆಚ್ಚು ಕೊಡುವಂತಿಲ್ಲ.

ಮಾಲಾ ಅವರ ಸಿಟ್ಟು ನನಗೆ ಬೇಡದ ಸಿಟ್ಟಲ್ಲ. ಗೇಟಿನ ಮುಂದೆ ನಿಂತವರು ಇರದಿದ್ದರೆ ಒಳಗಿನವರು ಆ ಸ್ಕ್ಯಾನ್ ತರುತ್ತಿದ್ದರಾ ಅಂತ ನನಗೆ ಅನುಮಾನ.

ಬಾಜಿ_ಬಸಣ್ಣ

ನಮ್ಮಲ್ಲಿ ರೇಸು ಓಡುವುದು ಹುಲ್ಲಿನ ಮೇಲೆ, ಅಮೆರಿಕದ ಹಾಗೆ ಮಣ್ಣಿನ ಮೇಲೆ ಅಲ್ಲ. ಅದೊಂದು ಪುಣ್ಯ. ಆದರೆ ಗಾಯಗಳ ಲೆಕ್ಕವನ್ನು ಅಲ್ಲಿನಂತೆ ವರ್ಷಾವರ್ಷ ಸಾರ್ವಜನಿಕರ ಮುಂದೆ ಇಟ್ಟರೆ ನಾನು ಮೊದಲು ಚಪ್ಪಾಳೆ ಹೊಡೆಯುತ್ತೇನೆ. ದುಡ್ಡು ಕಟ್ಟುವ ನಮಗೆ ಕೇಳುವ ಹಕ್ಕಿದೆ. ಕುದುರೆಯ ತೂಕ, ತಂದೆ, ತಾಯಿ, ಕಳೆದ ಐದು ಓಟ ಎಲ್ಲ ರೇಸ್ ಪುಸ್ತಕದಲ್ಲಿ ಇರುತ್ತೆ. ಕಾಲಿನ ಕಥೆ ಮಾತ್ರ ಯಾಕೆ ಗುಟ್ಟು?

ಲಾಯದ_ಮಗ

ಬಸಣ್ಣ, ಈ ಮಾತಿಗೆ ನೂರು ಲೈಕ್.

ಸುಮ್ನೆ_ಕೇಳ್ದೆ

ಎಲ್ಲಾ ಸಾಯುವ ಕಥೆಯೇ ಆಯಿತಲ್ಲ. ಲ್ಯಾಮಿನೈಟಿಸ್ ಬಂದು ಉಳಿದ ಕುದುರೆ ಒಂದೂ ಇಲ್ವಾ?

ಫಿಲಡೆಲ್ಫಿಯಾ_ಪುಟ್ಟಿ

ಇದೆ ಕಣ್ರೀ, ಪೇಂಟರ್! 2012ರಲ್ಲಿ ಹ್ಯಾಸ್ಕೆಲ್ ರೇಸ್ ಗೆದ್ದು ಕೆಲವೇ ದಿನಕ್ಕೆ ಕರುಳಿನ ಕಾಯಿಲೆ, ಆಮೇಲೆ ಲ್ಯಾಮಿನೈಟಿಸ್. ಮಾಲೀಕರು ಟ್ವಿಟರಿನಲ್ಲಿ ದಿನಾ ಅವನ ಸುದ್ದಿ ಹಾಕುತ್ತಿದ್ದರು, ಬಾರ್ಬರೋ ಕಾಲದ ಜನವೇ ಮತ್ತೆ ಕಾದು ಕೂತರು. ಈ ಸಲ ಉಳಿದ. 2013ರ ಜೂನ್‌ನಲ್ಲಿ ಹಾಲಿವುಡ್ ಪಾರ್ಕ್ ರೇಸ್‌ಕೋರ್ಸಿನಲ್ಲಿ ಮತ್ತೆ ಓಡಿ ಗೆದ್ದೂ ಬಿಟ್ಟ.

ಮೂಕಪ್ರಾಣಿ_ಮಾಲಾ

ಉಳಿದದ್ದು ಸಂತೋಷ. ಮತ್ತೆ ಓಡಿಸಿದ್ದು ಯಾಕೆ ಅಂತ ಕೇಳಲ್ಲ, ಕೇಳಿದರೆ ಜಗಳ ಆಗುತ್ತೆ. ಬೇರೆ ಪ್ರಶ್ನೆ ಇದೆ. ನಮ್ಮದು ದೊಡ್ಡಬಳ್ಳಾಪುರದ ಹತ್ತಿರ ಎರಡು ಎಕರೆ ತೋಟ. ರೇಸಿನಿಂದ ಬಿಟ್ಟ ಒಂದು ಕುದುರೆಯನ್ನು ತಂದು ಸಾಕಬಹುದಾ? ಲಾಯದ ಮಗ, ನೀವೇ ಹೇಳಬೇಕು.

ಲಾಯದ_ಮಗ

ಅಕ್ಕ, ಸಾಕಬಹುದು, ಆದರೆ ಒಂದೇ ಕುದುರೆ ತರಬೇಡಿ. ಒಂಟಿಯಾಗಿದ್ದರೆ ಗೋಡೆ ಕಚ್ಚುತ್ತೆ, ಒಂದೇ ಕಡೆ ತೂಗಾಡುತ್ತಾ ನಿಲ್ಲುತ್ತೆ. ಜೊತೆಗೆ ಇನ್ನೊಂದು ಕುದುರೆ, ಕೊನೆಗೆ ಕತ್ತೆ, ಮೇಕೆ ಆದರೂ ಇರಲಿ. ಮುಳ್ಳುತಂತಿ ಬೇಲಿ ಇದ್ದರೆ ಮೊದಲು ಕಿತ್ತುಹಾಕಿ, ಇವು ಹೆದರಿದರೆ ತಂತಿ ನೋಡದೇ ನುಗ್ಗುತ್ತವೆ. ರೇಸಿನಲ್ಲಿದ್ದ ಕುದುರೆಗೆ ಹೊಟ್ಟೆ ತುಂಬ ಕಾಳಿನ ಅಭ್ಯಾಸ ಇರುತ್ತೆ, ಅದನ್ನು ವಾರಗಟ್ಟಲೆ ನಿಧಾನವಾಗಿ ಇಳಿಸಿ ಹುಲ್ಲಿಗೆ ತರಬೇಕು. ದಿಢೀರ್ ಬದಲಾಯಿಸಿದರೆ ಹೊಟ್ಟೆನೋವು ಬರುತ್ತೆ, ಕುದುರೆಗೆ ಹೊಟ್ಟೆನೋವು ಅಂದರೆ ಜೀವಕ್ಕೇ ಅಪಾಯ. ಗೊರಸು ಕತ್ತರಿಸುವವರು ಐದಾರು ವಾರಕ್ಕೊಮ್ಮೆ ಬರಲೇಬೇಕು, ಮೊದಲು ಅವರನ್ನು ಹುಡುಕಿಟ್ಟುಕೊಳ್ಳಿ. ಕುದುರೆ ನೋಡುವ ಡಾಕ್ಟ್ರು ನಿಮ್ಮಲ್ಲಿಗೆ ಬರಲು ಎಷ್ಟು ಹೊತ್ತು ಬೇಕು ಅಂತಲೂ ಕೇಳಿಕೊಳ್ಳಿ.

ತರುವ ಮುಂಚೆ ನಿಮ್ಮ ಕಡೆಯ ಡಾಕ್ಟರಿಂದ ನಾಲ್ಕೂ ಕಾಲಿನ ಎಕ್ಸ್‌ರೇ ಮಾಡಿಸಿ. ಕೊಡುವವರು ಬೇಡ ಅಂದರೆ ಆ ಕುದುರೆ ಬಿಡಿ. ನೋಡಲು ಹೋಗುವಾಗ ಹೇಳಿ, ಭಾನುವಾರ ಆದರೆ ನಾನೂ ಬರುತ್ತೇನೆ. ಬೆಳಿಗ್ಗೆ, ಅದು ಕೆಲಸಕ್ಕೆ ಹೋಗುವ ಮುಂಚೆ ಹೋಗಬೇಕು. ಓಡಾಡಿ ಬಂದ ಮೇಲೆ ಎಲ್ಲ ಕಾಲೂ ಬಿಸಿಯೇ ಇರುತ್ತೆ, ಏನೂ ಗೊತ್ತಾಗಲ್ಲ.